ಆಟದ ಗಣಕಯಂತ್ರ ಏಕೆ ಕಾಯುತ್ತದೆ?

ಗಿರಣಿ ಹಿಟ್ಟು ಬೀಸಿ ಕೊಡುವದು; ಪಂಪು ಬಾವಿಯ ನೀರನ್ನು ಮೇಲಕ್ಕೆತ್ತುವದು; ಹೊಲಿಗೆಯ ಯಂತ್ರ ಬಟ್ಟೆಯನ್ನು ಕೂಡಿಸುವದು. ಇವೆಲ್ಲ ತಾವು ಉಂಡ ವಿದ್ಯುತ್ತಿನ ಒಂದು ಪಾಲನ್ನು ಕಣ್ಣಿಗೆ ಕಾಣುವ ಕೆಲಸಕ್ಕೆ ತೊಡಗಿಸಿ, ಉಳಿದುದನ್ನು ಕಾವಾಗಿ ಹೊರಗೆ ಚೆಲ್ಲುತ್ತವೆ. ಗಣಕಯಂತ್ರದ ರೀತಿಯೇ ಬೇರೆ. ಅದು ಲೆಕ್ಕ ಮಾಡುವದು, ಚಿತ್ರ ಮೂಡಿಸುವದು. ಆದರೆ ಯಾವ ಭಾರವನ್ನೂ ಎತ್ತುವದಿಲ್ಲ, ಯಾವ ಕಾಳನ್ನೂ ಒಡೆಯುವದಿಲ್ಲ. ಆದುದರಿಂದ ಅದು ಉಂಡ ವಿದ್ಯುತ್ತು ಹೆಚ್ಚುಕಡಿಮೆ ಪೂರ್ಣವಾಗಿ ಕಾವಾಗಿಯೇ ಹೊರಬೀಳಬೇಕು. ಆಟವಾಡುವಾಗ ಒಂದು ಸಾಧಾರಣ ಗೇಮಿಂಗ್ ಕಂಪ್ಯೂಟರು 300 ವ್ಯಾಟಿನ ಆಸುಪಾಸಿನಲ್ಲಿ ವಿದ್ಯುತ್ತನ್ನು ಎಳೆಯುವದು. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟಿನಷ್ಟು ಕಾವು ಹೊರಡುತ್ತದೆ. ಅಂದ ಮೇಲೆ ಕೋಣೆಯಲ್ಲಿ ಆಟದ ಕಂಪ್ಯೂಟರು ನಡೆಯಿತೆಂದರೆ ಮೂವರು ಅತಿಥಿಗಳು ಬಂದು ಕುಳಿತಂತೆಯೇ ಸರಿ. ಅವರು ಚಹಾ ಕೇಳುವದಿಲ್ಲ, ಅಷ್ಟೇ.

ಕಾಲೇಜಿನ ಸಂಚಿಕೆಗೆ ಈ ವಿಷಯವನ್ನು ಆಯ್ದುಕೊಳ್ಳಲು ಕಾರಣವಿದೆ. ನಮ್ಮ ಕಲಘಟಗಿ ತಾಲೂಕಿನ ಹಳ್ಳಿಗಳಲ್ಲಿ ಇಂಥ ಯಂತ್ರಗಳು ಈಗ ಅಪರೂಪವಲ್ಲ. ಗೋವಿನಜೋಳ ಮಾರಿದ ಹಣದಲ್ಲಿಯೋ, ಹುಬ್ಬಳ್ಳಿಯಲ್ಲಿ ದುಡಿಯುವ ಅಣ್ಣನ ಸಂಬಳದಲ್ಲಿಯೋ, ಕಂತಿನ ಮೇಲೆ ತಂದವು ಅವು. ಹೆಸರು ಆಟದ ಯಂತ್ರವೆಂದು. ಆದರೆ ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಅರ್ಜಿ, ನೆರೆಹೊರೆಯವರ ಹೊಲದ ಉತಾರ ಎಲ್ಲವೂ ಅದರಿಂದಲೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನ ಅರ್ಜಿಗಳೆಲ್ಲ ಹೋದದ್ದು ಸೋದರಮಾವನ ಮಗನ ಇಂಥದೊಂದು ಯಂತ್ರದಿಂದ. ಕಳೆದ ಏಪ್ರಿಲ್‌ದಲ್ಲಿ ಅದು ಆಟದ ನಡುವೆ ತಡವರಿಸುವದಕ್ಕೂ, ಮುಂದೆ ಅರ್ಜಿ ತುಂಬುವಾಗಲೂ ಒಮ್ಮಿಂದೊಮ್ಮೆಲೇ ಆರಿಹೋಗುವದಕ್ಕೂ ಮೊದಲಾಯಿತು. “ರಾತ್ರಿಯೆಲ್ಲಾ ಆಡ್ತೀರಿ, ಅದಕ್ಕ ಜ್ವರ ಬರದ ಇನ್ನೇನು ಬರಬೇಕು?” ಎಂದಳು ಅತ್ತೆ. ನಗರದ ಒಂದು ದುರಸ್ತಿಯ ಅಂಗಡಿಯವರು ಮುಚ್ಚಳವನ್ನೂ ಬಿಚ್ಚದೆ, “ಬೋರ್ಡ್ ಹೋಗೇತ್ರಿ, ಹೊಸಾದ್ ಹಾಕಬೇಕು” ಎಂದು ಇಪ್ಪತ್ತೈದು ಸಾವಿರದ ಲೆಕ್ಕ ಹೇಳಿದರು. ಬೋರ್ಡು ಹೋಗಿರಲಿಲ್ಲ. ಏನಾಗಿತ್ತೆಂಬುದು ಮುಂದೆ ತಾನಾಗಿ ತಿಳಿಯುವದು. ಕಲಾವಿಭಾಗದ ವಿದ್ಯಾರ್ಥಿ ಉಷ್ಣಶಾಸ್ತ್ರದ ಮಾತಾಡುವದು ಅಧಿಕಪ್ರಸಂಗವೆಂದು ವಿಜ್ಞಾನದ ಮಿತ್ರರು ನಗಬಹುದು. ಆದರೆ ಈ ಕೆಲಸಕ್ಕೆ ಬೇಕಾದಷ್ಟು ಉಷ್ಣಶಾಸ್ತ್ರವನ್ನು ಅಡಿಗೆಮನೆಯೇ ಕಲಿಸುತ್ತದೆ.

ಮೊದಲು ಒಂದು ಹೆಸರಿನ ಗೊಂದಲವನ್ನು ಬಿಡಿಸಬೇಕು. ನಮ್ಮಲ್ಲಿ ಇಡೀ ಪೆಟ್ಟಿಗೆಗೇ ‘ಸಿಪಿಯು’ ಎನ್ನುವ ರೂಢಿ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರು, ಆ ಪೆಟ್ಟಿಗೆಯ ಒಳಗೆ ಬೋರ್ಡಿನ ಮೇಲೆ ಕುಳಿತ ಒಂದು ಚಿಕ್ಕ ಬಿಲ್ಲೆ. ಅದರೊಳಗೆ ಕೆಲಸ ಮಾಡುವ ಸಿಲಿಕಾನಿನ ತುಣುಕು ಹೆಬ್ಬೆರಳಿನ ಉಗುರಿನಷ್ಟು ಮಾತ್ರ. ಇಂಟೆಲ್ ಕಂಪನಿಯ ಐ5-12400 ಎಂಬುದನ್ನು ತೆಗೆದುಕೊಳ್ಳೋಣ. ಅದರ ಹೇಳಿಕೆಯ ಶಕ್ತಿ 65 ವ್ಯಾಟು, ಭರದಲ್ಲಿರುವಾಗ 117ರ ವರೆಗೆ. ಒಂದೂವರೆ ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಜಾಗದಿಂದ ಇಷ್ಟು ಕಾವು ಹೊರಡಬೇಕು. ಚದರ ಸೆಂಟಿಮೀಟರಿಗೆ 40 ವ್ಯಾಟಾಯಿತು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಇದೇ ಲೆಕ್ಕ 5 ವ್ಯಾಟಿನಷ್ಟು ಬರುವದು. ಇಸ್ತ್ರಿಗಿಂತ ಎಂಟು ಪಟ್ಟು ದಟ್ಟವಾದ ಕಾವನ್ನು ಉಗುರಿನಷ್ಟು ಜಾಗದಲ್ಲಿ ಹಿಡಿದುಕೊಂಡು ಈ ಬಿಲ್ಲೆ ಕೆಲಸ ಮಾಡುತ್ತದೆ. ಮಗ್ಗುಲಲ್ಲಿರುವ ಗ್ರಾಫಿಕ್ಸ್ ಕಾರ್ಡಿನ ಕಾವು ಇದಕ್ಕಿಂತ ಹೆಚ್ಚು. ಆರ್‌ಟಿಎಕ್ಸ್ 3060 ಎಂಬ ಕಾರ್ಡೊಂದೇ 170 ವ್ಯಾಟು ತಿನ್ನುವದು.

ಕಾವಿನ ಕಾಟ ಗಣಕಯಂತ್ರದ ಜೊತೆಗೇ ಹುಟ್ಟಿದ್ದು. 1946ರಲ್ಲಿ ಅಮೇರಿಕದಲ್ಲಿ ಲೋಕದೆದುರು ಬಂದ ‘ಎನಿಯಾಕ್’ ಎಂಬ ಯಂತ್ರದಲ್ಲಿ ಸುಮಾರು ಹದಿನೆಂಟು ಸಾವಿರ ನಿರ್ವಾತ ಕೊಳವೆಗಳಿದ್ದು, ಅದು 150 ಕಿಲೋವ್ಯಾಟು ವಿದ್ಯುತ್ತನ್ನು ನುಂಗುತ್ತಿತ್ತು. ಅದನ್ನು ತಣಿಸಲು ಭಾರಿ ಗಾಳಿಯಂತ್ರಗಳೇ ಬೇಕಾದವು. 1971ರ ಇಂಟೆಲ್ 4004 ಚಿಪ್ಪಿನಲ್ಲಿ 2300 ಟ್ರಾನ್ಸಿಸ್ಟರುಗಳಿದ್ದು ಅದಕ್ಕೆ ಬೀಸಣಿಗೆಯ ಗೊಡವೆಯೇ ಇರಲಿಲ್ಲ. ಮುಂದೆ ವೇಗದ ಆಸೆ ಬೆಳೆದಂತೆ ಬೀಸಣಿಗೆಯೂ ತಿರುಗಿ ಬಂದಿತು.

ಇರಲಿ. ಈಗ ಮುಖ್ಯ ಮಾತಿಗೆ ಬರುವೆನು. ಕಾವು ಹುಟ್ಟುವದು ರೋಗವಲ್ಲ; ಅದು ಹೊರಗೆ ಹೋಗದಿರುವದೇ ರೋಗ. ಚಿಪ್ಪಿನಿಂದ ಹೊರಟ ಕಾವು ಕೋಣೆಯ ಹೊರಗೆ ಮುಟ್ಟುವ ತನಕ ಒಂದು ದಾರಿ ನಡೆಯಬೇಕು. ಚಿಪ್ಪಿನ ಮೇಲೆ ಪೇಸ್ಟು, ಪೇಸ್ಟಿನ ಮೇಲೆ ತಾಮ್ರ ಅಥವಾ ಅಲ್ಯುಮಿನಿಯಮ್ಮಿನ ಗಟ್ಟಿ, ಆ ಗಟ್ಟಿಗೆ ಹತ್ತಿದ ತೆಳ್ಳನೆಯ ರೆಕ್ಕೆಗಳು, ರೆಕ್ಕೆಗಳ ನಡುವೆ ಹಾಯುವ ಗಾಳಿ, ಆ ಗಾಳಿ ಪೆಟ್ಟಿಗೆಯಿಂದ ಕೋಣೆಗೆ, ಕೋಣೆಯಿಂದ ಬಯಲಿಗೆ. ಈ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡರೂ ಹಿಂದಿನದೆಲ್ಲ ಕಾಯತೊಡಗುವದು, ಕಾಲುವೆಗೆ ಕಸ ಸಿಕ್ಕರೆ ಮೇಲಿನ ಹೊಲದಲ್ಲಿ ನೀರು ನಿಂತಂತೆ. ದುಡ್ಡು ಖರ್ಚು ಮಾಡುವದಕ್ಕಿಂತ ಮೊದಲು ಎಲ್ಲಿ ಕಟ್ಟಿದೆಯೆಂದು ಹುಡುಕಬೇಕು.

ಇನ್ನೊಂದು ಮಾತು ಇದಕ್ಕಿಂತ ಕಡಿಮೆ ಮಹತ್ವದ್ದಲ್ಲ. ಯಂತ್ರದ ಆರೋಗ್ಯವನ್ನು ಹೇಳುವದು ಅದರ ಉಷ್ಣತೆಯಲ್ಲ, ಕೋಣೆಗಿಂತ ಅದು ಎಷ್ಟು ಏರಿದೆ ಎಂಬ ಅಂತರ. ಪ್ರೊಸೆಸರು ಕೋಣೆಗಿಂತ 55 ಡಿಗ್ರಿ ಮೇಲೆ ನಡೆಯುವದೆಂದು ಇಟ್ಟುಕೊಳ್ಳಿರಿ. ಡಿಸೆಂಬರಿನ ರಾತ್ರಿ ಕೋಣೆ 22 ಡಿಗ್ರಿ ಇದ್ದಾಗ ಚಿಪ್ಪು 77, ಚಿಂತೆಯಿಲ್ಲ. ಏಪ್ರಿಲ್ಲಿನ ಮಧ್ಯಾಹ್ನ ಹುಬ್ಬಳ್ಳಿಯ ಬದಿಗೆ ಉಷ್ಣತೆ 37-38ಕ್ಕೆ ಏರುವದು, ತಗಡಿನ ಮಾಡಿನ ಕೆಳಗೆ ಅದಕ್ಕೂ ಹೆಚ್ಚು. ಆಗ ಅದೇ ಚಿಪ್ಪು 93 ತೋರಿಸುವದು. ಯಂತ್ರದಲ್ಲಿ ಏನೂ ಬದಲಾಗಿಲ್ಲ, ಬದಲಾದದ್ದು ಋತು. ಚಳಿಗಾಲದಲ್ಲಿ ನೆಟ್ಟಗಿದ್ದ ಯಂತ್ರವನ್ನು ಬೇಸಿಗೆಯಲ್ಲಿ ಅಂಗಡಿಗೆ ಹೊತ್ತು ಅರ್ಧ ಬೆಲೆಗೆ ಮಾರಿಬಂದವರನ್ನು ನಾನು ಕಂಡಿದ್ದೇನೆ.

ಪ್ರೊಸೆಸರು ತನ್ನನ್ನು ತಾನು ಕಾಪಾಡಿಕೊಳ್ಳುವ ಬುದ್ಧಿಯುಳ್ಳದ್ದು. ಇಂಟೆಲ್ ಕಂಪನಿಯ ಬಹುತರ ಪ್ರೊಸೆಸರುಗಳಿಗೆ 100 ಡಿಗ್ರಿ, ಎಎಂಡಿಯ ರೈಜನ್‌ಗಳಿಗೆ ಬಹುಮಟ್ಟಿಗೆ 90ರಿಂದ 95 ಮೇರೆ. ಆ ಮೇರೆ ಮುಟ್ಟಿದೊಡನೆ ಅದು ವೇಗ ಇಳಿಸುವದು. ಎತ್ತು ದಣಿದಾಗ ಹೆಜ್ಜೆ ಸಣ್ಣ ಮಾಡಿದಂತೆ. ಆಟದಲ್ಲಿ ಚಿತ್ರ ತಡೆತಡೆದು ಬರುವದು ಇದರಿಂದಲೇ. ಆಗಲೂ ಕಾವು ಇಳಿಯದಿದ್ದರೆ ಯಂತ್ರ ತಾನೇ ಆರುತ್ತದೆ. ಒಂದು ಎಚ್ಚರ: 2022ರಲ್ಲಿ ಬಂದ ರೈಜನ್ 7000ರ ಮಾಲೆಯವು ಪೂರ್ಣ ಕೆಲಸದಲ್ಲಿ 95ರಲ್ಲಿಯೇ ನಡೆಯುವಂತೆ ರಚಿತವಾದವು, ಅಂಥಲ್ಲಿ 95 ಎಂಬ ಅಂಕಿಯನ್ನು ಕಂಡು ಹೆದರಬೇಕಾಗಿಲ್ಲ.

ಪರೀಕ್ಷೆಗೆ ಮೊದಲ ಸಾಧನ ಹಚ್‌ಡಬ್ಲ್ಯೂಇನ್‌ಫೋ ಎಂಬ ಪುಕ್ಕಟೆ ತಂತ್ರಾಂಶ. ಅದು ಪ್ರೊಸೆಸರಿನ ಮತ್ತು ಕಾರ್ಡಿನ ಉಷ್ಣತೆಯನ್ನೂ ಫ್ಯಾನುಗಳ ವೇಗವನ್ನೂ ಕ್ಷಣಕ್ಷಣಕ್ಕೆ ತೋರಿಸುವದು. ಗೋಡೆಗೆ ಒಂದು ಸಾದಾ ಉಷ್ಣಮಾಪಕವನ್ನು ತೂಗುಹಾಕಿ, ಕೋಣೆಯ ಅಂಕಿಯನ್ನೂ ಬರೆದುಕೊಳ್ಳಬೇಕು. ಆ ಮೇಲೆ ಆಟ ಹಚ್ಚಿ ನೋಡಬೇಕಾದದ್ದು ಏರಿಕೆಯ ಚಾಲು. ಆಟ ತೆರೆದ ಐದಾರು ಸೆಕೆಂಡುಗಳಲ್ಲಿಯೇ ಅಂಕಿ 50ರಿಂದ 95ಕ್ಕೆ ಜಿಗಿದರೆ, ಕಾವು ಚಿಪ್ಪನ್ನು ಬಿಟ್ಟು ಮೇಲಿನ ಗಟ್ಟಿಗೇ ಹೋಗುತ್ತಿಲ್ಲವೆಂದು ಅರ್ಥ. ಏಕೆಂದರೆ ಅಷ್ಟು ದೊಡ್ಡ ಲೋಹದ ಗಟ್ಟಿ ಕಾಯಲು ಹೊತ್ತು ಹಿಡಿಯುತ್ತದೆ. ಅದು ಜೋಡಣೆಯಾಗಿದ್ದರೆ ಅಂಕಿ ಹಾಗೆ ಜಿಗಿಯುವದು ಸಾಧ್ಯವಿಲ್ಲ. ಬದಲು, ಅಂಕಿ ಸಾವಕಾಶವಾಗಿ ಹದಿನೈದು ಇಪ್ಪತ್ತು ನಿಮಿಷ ಹತ್ತುತ್ತ ಹೋದರೆ ಪೇಸ್ಟು ಸರಿಯಿದೆ, ಗಾಳಿಯ ದಾರಿ ಕಟ್ಟಿದೆ. ಅನಂತರ ಪೆಟ್ಟಿಗೆಯ ಮಗ್ಗುಲಿನ ತಗಡು ತೆಗೆದು ಅದೇ ಆಟವನ್ನು ಮತ್ತೆ ಆಡಬೇಕು. ಹತ್ತು ಡಿಗ್ರಿ ಇಳಿದರೆ ದೋಷ ಪೆಟ್ಟಿಗೆಯಲ್ಲಿ. ಎರಡು ಮೂರು ಡಿಗ್ರಿ ಮಾತ್ರ ಇಳಿದರೆ ದೋಷ ಪ್ರೊಸೆಸರಿನ ತಲೆಯ ಮೇಲೆಯೇ. ಎರಡು ಆಟಗಳ ಹೊತ್ತಿನಲ್ಲಿ ಮುಗಿಯುವ ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ.

ಇವೆರಡೂ ಅಲ್ಲದ ಮೂರನೆಯದೂ ಉಂಟು. ಉಷ್ಣತೆ 70ರ ಒಳಗಿದ್ದಾಗಲೇ ಯಂತ್ರ ತಟ್ಟನೆ ಆರಿದರೆ ಕಾವನ್ನು ಬಿಟ್ಟು ಪವರ್ ಸಪ್ಲಾಯಿಯನ್ನು ಸಂಶಯಿಸಬೇಕು. ವಿಂಡೋಸಿನ ದಾಖಲೆಯಲ್ಲಿ ‘ಕರ್ನೆಲ್ ಪವರ್ 41’ ಎಂದಿರುವದನ್ನು ತೋರಿಸಿ ಇದು ಕಾವಿನ ದೋಷವೆಂದು ಹೇಳುವವರಿದ್ದಾರೆ. ಆ ಬರಹ ಹೇಳುವದು ಯಂತ್ರ ರೀತಿಗನುಸಾರ ಮುಚ್ಚಲಿಲ್ಲವೆಂದಷ್ಟೇ, ಕಾರಣವನ್ನಲ್ಲ. ಪವರ್ ಸಪ್ಲಾಯಿಯ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ವಾಯರು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುವದು.

ಮಾವನ ಮಗನ ಯಂತ್ರದಲ್ಲಿ ಅಂಕಿ ಐದು ಸೆಕೆಂಡಿನಲ್ಲಿ 97ಕ್ಕೆ ಜಿಗಿಯಿತು. ತಗಡು ತೆಗೆದರೆ ಇಳಿದದ್ದು ಮೂರೇ ಡಿಗ್ರಿ. ಬಿಚ್ಚಿ ನೋಡಲಾಗಿ ಪ್ರೊಸೆಸರಿನ ಫ್ಯಾನಿನ ಕೆಳಗೆ, ರೆಕ್ಕೆಗಳ ಮೇಲೆ ಕಂಬಳಿಯಂತೆ ಧೂಳು ಕುಳಿತಿತ್ತು. ಇದಲ್ಲದೆ ಇಂಟೆಲ್ ಕೂಲರನ್ನು ಬೋರ್ಡಿಗೆ ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಗೂಟಗಳಲ್ಲಿ ಒಂದು ಮೇಲೆದ್ದಿತ್ತು. ಹುಬ್ಬಳ್ಳಿಯಿಂದ ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿ ತಂದ ಪೆಟ್ಟಿಗೆ ಅದು. ನಮ್ಮ ಒಳರಸ್ತೆಗಳ ಗುಂಡಿಗಳನ್ನು ಬಲ್ಲವರಿಗೆ ಆಶ್ಚರ್ಯವಾಗಲಿಕ್ಕಿಲ್ಲ. ಒಂದು ಗೂಟ ಎದ್ದರೆ ಗಟ್ಟಿ ಓರೆಯಾಗುವದು, ನಡುವೆ ಗಾಳಿ ಸೇರುವದು. ಕಾವನ್ನು ಸಾಗಿಸುವದರಲ್ಲಿ ತಾಮ್ರ ಗಾಳಿಗಿಂತ ಹದಿನೈದು ಸಾವಿರ ಪಟ್ಟು ಮೇಲು. ಅಂದರೆ ಕಾಗದದಷ್ಟು ಗಾಳಿಯ ಪದರು ಸೇರಿದರೂ ತಾಮ್ರದ ಗುಣವೆಲ್ಲ ವ್ಯರ್ಥ. ಪೇಸ್ಟನ್ನು ಹಚ್ಚುವದೂ ಇದಕ್ಕಾಗಿಯೇ: ಕಣ್ಣಿಗೆ ನುಣುಪಾಗಿ ಕಂಡರೂ ಎರಡು ಲೋಹಗಳ ನಡುವೆ ಉಳಿಯುವ ಸೂಕ್ಷ್ಮ ಕುಳಿಗಳಿಂದ ಗಾಳಿಯನ್ನು ಹೊರದೂಡಲು.

ಧೂಳಿನ ವಿಷಯದಲ್ಲಿ ನಮ್ಮ ಜಿಲ್ಲೆ ಶ್ರೀಮಂತವಾದದ್ದು. ನವಲಗುಂದ, ಅಣ್ಣಿಗೇರಿಗಳಲ್ಲಿ ಎರೆಮಣ್ಣಿನ ನುಣ್ಣನೆಯ ಧೂಳಿಗೆ ಹತ್ತಿಯ ಎಳೆ ಕೂಡಿ ರೆಕ್ಕೆಗಳ ನಡುವೆ ಹಾಸು ನೇಯ್ದಂತಾಗುವದು. ನಮ್ಮ ಕಡೆಗೆ ಕೆಮ್ಮಣ್ಣು, ಹೆದ್ದಾರಿಯ ಹೊಗೆ, ಗೋವಿನಜೋಳದ ರಾಶಿಯ ಹೊಟ್ಟು. ಅಡಿಗೆಮನೆಯ ಮಗ್ಗುಲಿಗೇ ಯಂತ್ರವಿದ್ದರೆ ಒಗ್ಗರಣೆಯ ಜಿಡ್ಡು ಸೇರಿ ಧೂಳು ಅಂಟಾಗುವದು, ಊದಿದರೂ ಹಾರದು. ಖಂಡೇಪೂಜೆಯ ದಿನ ಭಕ್ತಿಯಿಂದ ಎರಚಿದ ಭಂಡಾರ ಫ್ಯಾನಿನ ಮೂಲಕ ನೇರವಾಗಿ ಒಳಗೇ ಹೋಗುವದು. ಹಾರವನ್ನು ಪೆಟ್ಟಿಗೆಯ ಮುಂದಿನ ಜಾಲರಿಗೆ ಕಟ್ಟದೆ ಮೇಲೆ ಇಟ್ಟರೂ ಪೂಜೆ ಸಲ್ಲುತ್ತದೆಂದು ನನ್ನ ನಂಬಿಕೆ. ಹಲ್ಲಿಗಳಿಗಂತೂ ಬೆಚ್ಚಗಿನ ಪೆಟ್ಟಿಗೆ ಪ್ರಿಯವಾದ ಮನೆ.

ಧೂಳು ತೆಗೆಯಲು ಕೆಲವರು ಪೆಟ್ಟಿಗೆಯನ್ನು ಪಂಕ್ಚರ್ ಅಂಗಡಿಗೆ ಒಯ್ದು ಟಾಯರಿಗೆ ಹಾಕುವ ಗಾಳಿಯನ್ನು ಬಿಡಿಸುವರು. ಇದು ಹಿತವಲ್ಲ. ಆ ಗಾಳಿಯ ಟ್ಯಾಂಕಿನಲ್ಲಿ ನೀರು ಕೂಡಿರುತ್ತದೆ, ಒತ್ತಡವೂ ಮಿತಿಮೀರಿದ್ದು. ಪೇಂಟಿನ ಬ್ರಶ್ಶು, ಕೈಯ ಬ್ಲೋವರು ಸಾಕು. ಕರೆಂಟಿನ ವಾಯರು ಕಿತ್ತು, ಪೆಟ್ಟಿಗೆಯ ಬರಿಯ ತಗಡನ್ನು ಕೈಯಿಂದ ಮುಟ್ಟಿ, ಅಂಗಳದಲ್ಲಿ ಈ ಕೆಲಸ ಮಾಡಬೇಕು. ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಬೇಕು; ಇಲ್ಲವಾದರೆ ಅದು ತನ್ನ ಮಿತಿಗಿಂತ ವೇಗವಾಗಿ ತಿರುಗಿ ಬೇರಿಂಗು ಕೆಡುವದು.

ಪೇಸ್ಟನ್ನು ಬದಲಿಸುವಲ್ಲಿ ಕೂಲರು ಬಿಚ್ಚುವದೇ ನಾಜೂಕಿನ ಕೆಲಸ. ರೈಜನ್ 5000ರ ವರೆಗಿನ ಎಎಂಡಿ ಪ್ರೊಸೆಸರುಗಳಲ್ಲಿ ಹಳೆಯ ಪೇಸ್ಟು ಅಂಟಾಗಿ ಕೂಲರಿನೊಡನೆ ಪ್ರೊಸೆಸರೇ ಕಿತ್ತು ಬಂದು ಅದರ ಸೂಜಿಕಾಲುಗಳು ಬಾಗುವ ಭಯವುಂಟು. ಆದುದರಿಂದ ಯಂತ್ರವನ್ನು ಹತ್ತು ನಿಮಿಷ ನಡೆಸಿ, ಪೇಸ್ಟು ಬಿಸಿಯಾದ ಮೇಲೆ ಆರಿಸಿ, ಕೂಲರನ್ನು ಮೇಲಕ್ಕೆ ಜಗ್ಗದೆ ಮೆಲ್ಲಗೆ ಆಚೀಚೆ ತಿರುವಿ ಬಿಡಿಸಬೇಕು. ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೊಸದನ್ನು ನಟ್ಟನಡುವೆ ಒಂದು ತೊಗರಿಕಾಳಿನಷ್ಟು ಇಡಬೇಕು. ತುಪ್ಪದಂತೆ ಧಾರಾಳವಾಗಿ ಸುರಿಯುವದರಿಂದ ಲಾಭವಿಲ್ಲ. ಪೇಸ್ಟು ಗಾಳಿಗಿಂತ ನೂರು ಪಟ್ಟಿಗೂ ಮೇಲಾದರೂ ತಾಮ್ರಕ್ಕಿಂತ ಬಹಳ ಕೀಳು, ಪದರು ತೆಳ್ಳಗಿದ್ದಷ್ಟೂ ಒಳಿತು. ಹೊಸ ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಸುಲಿಯುವದನ್ನು ಮರೆಯಬಾರದು. ಇಂಟೆಲ್ ಗೂಟಗಳನ್ನು ಎದುರುಬದುರಾಗಿ ಒತ್ತಿ, ‘ಟಕ್’ ಎಂಬ ಸದ್ದು ಕೇಳಿ, ಬೋರ್ಡಿನ ಹಿಂದೆ ನಾಲ್ಕೂ ಕಾಲುಗಳು ಹೊರಬಂದಿರುವದನ್ನು ಕಣ್ಣಾರೆ ಕಾಣಬೇಕು. ನಮಗೆ ತಗಲಿದ ಖರ್ಚು ಪೇಸ್ಟಿನದು ಮಾತ್ರ, ಮೂರು ನೂರು ರೂಪಾಯಿಯ ಒಳಗೆ. ಅಂದು ಕೋಣೆ 35 ಡಿಗ್ರಿ. ಅದೇ ಆಟದಲ್ಲಿ ಪ್ರೊಸೆಸರು 79ಕ್ಕೆ ನಿಂತಿತು.

ಇನ್ನು ಪೆಟ್ಟಿಗೆಯೊಳಗಿನ ಗಾಳಿ. ಒಂದು ಘನಮೀಟರು ಗಾಳಿಯನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 1200 ಜೂಲು ಬೇಕು. ಪೆಟ್ಟಿಗೆಯೊಳಗಿನ ಗಾಳಿ ಕೋಣೆಗಿಂತ ಹತ್ತೇ ಡಿಗ್ರಿ ಏರಬೇಕೆಂದರೆ, 300 ವ್ಯಾಟಿಗೆ ಸೆಕೆಂಡಿಗೆ 25 ಲೀಟರು ಗಾಳಿ ಹಾಯ್ದುಹೋಗಬೇಕಾಗುವದು. ಸೆಕೆಂಡಿಗೆ ಎರಡು ಕೊಡ! ಅಷ್ಟು ಗಾಳಿ ಒಂದೇ ಚಿಕ್ಕ ಫ್ಯಾನಿನಿಂದಲೂ ಮುಂದೆ ಗಾಜು ಹಾಕಿ ಮುಚ್ಚಿದ ಪೆಟ್ಟಿಗೆಯಿಂದಲೂ ಸಾಗದು. ಬಣ್ಣದ ದೀಪಗಳು ಕಾಣಲೆಂದು ಗಾಜಿನ ಮುಖವುಳ್ಳ ಪೆಟ್ಟಿಗೆಗೆ ಹೆಚ್ಚು ಬೆಲೆ ಕೊಡುವವರು ಆ ಹಣದಲ್ಲಿ ಜಾಲರಿಯ ಮುಖದ್ದನ್ನೂ ಇನ್ನೆರಡು ಫ್ಯಾನುಗಳನ್ನೂ ಕೊಳ್ಳಬಹುದಾಗಿತ್ತು.

ನವಲಗುಂದದ ಕಡೆಯ ಮಾಳಿಗೆಮನೆಗಳಲ್ಲಿ ಹಿರಿಯರು ಬೆಳಕಿಂಡಿ ಬಿಟ್ಟಿದ್ದು ಬೆಳಕಿಗೊಂದೇ ಅಲ್ಲ. ಬಾಗಿಲಿನಿಂದ ಬಂದ ಗಾಳಿ ಒಲೆಯ ಹೊಗೆಯನ್ನು ಹೊತ್ತು ಮೇಲೆ ಹೋಗಲೆಂದು ಸಹ. ಪೆಟ್ಟಿಗೆಯಲ್ಲಿಯೂ ಅದೇ ಕ್ರಮ: ಮುಂದಿನ ಫ್ಯಾನು ಒಳಗೆ ಎಳೆಯಬೇಕು, ಹಿಂದಿನದೂ ಮೇಲಿನದೂ ಹೊರಗೆ ದೂಡಬೇಕು. ಎಲ್ಲವೂ ಒಳಗೇ ಎಳೆದರೆ ಬಾಗಿಲು ಮುಚ್ಚಿದ ಅಡಿಗೆಮನೆ. ಯಾವ ಫ್ಯಾನು ಎತ್ತ ಬೀಸುತ್ತದೆಂಬುದಕ್ಕೆ ಒಂದು ಊದಿನಕಡ್ಡಿ ಸಾಕ್ಷಿ. ಹೊಗೆ ಎತ್ತ ಬಾಗುವದೋ ಗಾಳಿ ಅತ್ತ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣಾದರೂ ದೂರವಿಡಬೇಕು, ಕಪಾಟಿನಲ್ಲಿ ತುರುಕಬಾರದು. ಬಹುತರ ಪೆಟ್ಟಿಗೆಗಳಲ್ಲಿ ಪವರ್ ಸಪ್ಲಾಯಿ ತಳದಿಂದ ಉಸಿರಾಡುವದು. ಆದುದರಿಂದ ನವಲಗುಂದದ ಜಮಖಾನ ಎಷ್ಟೇ ಚೆಲುವಾಗಿರಲಿ, ಅದರ ಮೇಲೆ ಕಂಪ್ಯೂಟರನ್ನು ಕೂರಿಸಲಾಗದು. ಕೆಳಗೆ ಒಂದು ಹಲಗೆ ಬೇಕು. ಲ್ಯಾಪ್‌ಟಾಪನ್ನು ಕೌದಿಯ ಮೇಲಿಟ್ಟು ಆಡುವವರಿಗೂ ಇದೇ ಮಾತು.

ಕಾವನ್ನು ಸಾಗಿಸುವದಕ್ಕಿಂತ ಹುಟ್ಟಿಸದಿರುವದು ಸುಲಭ; ಆದರೆ ಆಟಗಾರರು ಇದನ್ನು ಕೊನೆಗೆ ನೆನೆಯುವರು. ಸಾಧಾರಣ ಪರದೆ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. ತಡೆಯಿಲ್ಲದೆ ಬಿಟ್ಟರೆ ವ್ಯಾಲರಂಟಿನಂಥ ಹಗುರವಾದ ಆಟದಲ್ಲಿ ಕಾರ್ಡು ಇನ್ನೂರಕ್ಕೂ ಮಿಕ್ಕಿ ಚಿತ್ರಗಳನ್ನು ಬರೆದು, ಪರದೆ ತೋರಿಸಲಾರದ್ದನ್ನು ಚೆಲ್ಲುವದು. ಆಟದ ಸೆಟ್ಟಿಂಗಿನಲ್ಲಿ ಚಿತ್ರಗಳ ಮಿತಿಯನ್ನು 60ಕ್ಕೆ ನಿಲ್ಲಿಸಿದ ಕ್ಷಣದಿಂದ ಫ್ಯಾನಿನ ಬೊಬ್ಬೆ ತಗ್ಗುವದನ್ನು ಕಿವಿಯಿಂದಲೇ ಕೇಳಬಹುದು. ವೋಲ್ಟೇಜು ಇಳಿಸುವದು ಇನ್ನೊಂದು ಉಪಾಯ. ಚಿಪ್ಪಿನ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಸಾರವಾಗಿರುವದರಿಂದ, ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಖರ್ಚು ಸುಮಾರು ಐದರಲ್ಲಿ ಒಂದು ಪಾಲು ಇಳಿಯುವದು. ಇದು ಕೂಡದಿದ್ದವರು ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಕಾರ್ಡಿನ ಶಕ್ತಿಯ ಮಿತಿಯನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೂ ಆಯಿತು. ಆಟದ ವೇಗದಲ್ಲಿ ಆಗುವ ನಷ್ಟ ಅಲ್ಪ.

ನೀರಿನ ಕೂಲರು ಕೊಂಡರೆ ಎಲ್ಲ ಸಂಕಟವೂ ತೀರುವದೆಂದು ಬಹಳ ಮಂದಿಯ ಎಣಿಕೆ. ಸಮಾನ ಗಾತ್ರದ ಗಾಳಿಗಿಂತ ನೀರು ಮೂರೂವರೆ ಸಾವಿರ ಪಟ್ಟು ಕಾವು ಹೊರುವದೆಂಬುದು ನಿಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಎಂಬ ಮಹಾಗಣಕ ದ್ರವದಿಂದಲೇ ತಣಿಯುವಂಥದು. ಆದರೆ ನಮ್ಮ ಪೆಟ್ಟಿಗೆಯಲ್ಲಿ ಆ ನೀರೂ ತಾನು ಹೊತ್ತ ಕಾವನ್ನು ಕಡೆಗೆ ಕೋಣೆಯ ಗಾಳಿಗೇ ಇಳಿಸಬೇಕು. ಕೋಣೆ 38 ಇದ್ದರೆ ನೀರು 38ಕ್ಕಿಂತ ಕೆಳಗೆ ಬಾರದು. 65 ವ್ಯಾಟಿನ ಪ್ರೊಸೆಸರಿಗೆ ಎರಡು ಸಾವಿರ ರೂಪಾಯಿಯ ಆಸುಪಾಸಿನ ಗೋಪುರದಂಥ ಗಾಳಿಯ ಕೂಲರು ಧಾರಾಳವಾಯಿತು. ಉಳಿದ ಹಣಕ್ಕೆ ಕೋಣೆಯ ಮೇಲ್ಗಡೆ ಒಂದು ಹೊರದೂಡುವ ಫ್ಯಾನು ಹಾಕಿಸುವದು ಲೇಸು. ನೀರಿನ ಏರ್ ಕೂಲರು ನಮ್ಮ ಒಣಬೇಸಿಗೆಯಲ್ಲಿ ಕೋಣೆಯನ್ನು ಚೆನ್ನಾಗಿ ಇಳಿಸುವದು, ಆದರೆ ಅದರ ಬಾಯಿ ಪೆಟ್ಟಿಗೆಯತ್ತ ಇರಬಾರದು, ಹನಿಗಳೊಡನೆ ನೀರಿನ ಉಪ್ಪೂ ಬೋರ್ಡಿನ ಮೇಲೆ ಕೂರುವದು. ಬರ್ಫದ ತುಂಡನ್ನು ಪೆಟ್ಟಿಗೆಯ ಬಳಿ ಇಡುವ ಸಾಹಸವಂತೂ ಬೇಡ. ತಂಪಾದ ತಗಡಿನ ಮೇಲೆ ಗಾಳಿಯ ತೇವ ಬೆವರಿನಂತೆ ಇಳಿದು ಕಾವಿಗಿಂತ ದೊಡ್ಡ ಕೇಡನ್ನು ಮಾಡುವದು.

ವರ್ಷಕ್ಕೆ ಎರಡು ಸಲ ಮುಚ್ಚಳ ತೆಗೆದರೆ ನಮ್ಮ ಕಡೆಗೆ ಸಾಕಾಗುವದು: ಗೋವಿನಜೋಳದ ರಾಶಿ ಮುಗಿದು ಹೊಟ್ಟು ಅಡಗಿದ ಮೇಲೆ ಒಮ್ಮೆ, ಯುಗಾದಿಗೆ ಮುನ್ನ ಒಮ್ಮೆ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ, ಅಂದಿನ ತಾರೀಖು, ಕೋಣೆಯ ಉಷ್ಣತೆ, ಆಟದಲ್ಲಿ ಪ್ರೊಸೆಸರಿನ ಉಷ್ಣತೆ ಮೂರನ್ನೂ ಬರೆದಿಡಬೇಕು. ಮುಂದಿನ ಸಲ ಅದೇ ಆಟದಲ್ಲಿ ಎರಡರ ಅಂತರ ಐದಾರು ಡಿಗ್ರಿ ಹೆಚ್ಚಿದ್ದರೆ ಮೊದಲು ಬ್ರಶ್ಶು. ಬ್ರಶ್ಶಿನಿಂದ ಇಳಿಯದಿದ್ದರೆ ಪೇಸ್ಟು.